ಹದಿನೇಳನೇ ಕಿಂಡಿ

ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆ.
ರಸೀದಿ ಪುಸ್ತಕ, ಗೋಂದಿನ ಬಾಟಲಿ,
ಯಾರೋ ಬಿಟ್ಟುಹೋದ ಒಂಟಿ ಗಮ್ ಬೂಟು.
ಇವುಗಳ ಮೇಲಿನ ಹಲಗೆಯಲ್ಲಿ ಅದು
ಮೂರು ವರ್ಷದಿಂದ ಮಿಣುಕುತ್ತಿತ್ತು.
ಬಂದರಿನೊಳಗೊಂದು ಡಬ್ಬಿ,
ಡಬ್ಬಿಗೆ ಇಪ್ಪತ್ತನಾಲ್ಕು ಕಿಂಡಿ.
ಆರಿಸಿದವರಿಲ್ಲ.
ಆರಿಸಿದರೆ ಹರಾಜು ನಿಲ್ಲುತ್ತದೆ,
ಹರಾಜು ನಿಂತರೆ ಇಸ್ವಾಣ ಕಾಯುವುದಿಲ್ಲ.

ನಿನ್ನೆ ನಸುಕಿಗೆ ಯುಪಿಎಸ್ ಸುಟ್ಟು
ತಾನಾಗಿಯೇ ಆರಿತು.
ಕೋಡಿಬಾಗದಿಂದ ಸ್ಕೂಟರ್ ಹೊಡೆದುಕೊಂಡು ಬಂದು
ಹೊಸ ಬ್ಯಾಟರಿ ಕೊಟ್ಟೆ. ಎದ್ದಿತು.
ಎದ್ದದ್ದೇ ಕೆಲಸಕ್ಕೆ ಓಡಲಿಲ್ಲ.
ಮೊದಲು ತನ್ನ ನೆನಪನ್ನು ತಡವಿ ನೋಡಿತು:
ಬರೆದು, ಓದಿ, ಅಳಿಸಿ, ಮತ್ತೆ ಬರೆದು.
ಫ್ಯಾನು ಜೋರಾಗಿ ತಿರುಗಿಸಿ ಉಸಿರು ನೋಡಿತು.
ಆಮೇಲೆ ಒಂದೊಂದೇ ಕಿಂಡಿ.
ಹೊರಬಾಗಿಲು ಹಾಕಿಕೊಂಡು
ಒಳಗೇ ಒಂದು ಮಾತು ಕಳಿಸಿ
ಕಳಿಸಿದ ಮಾತೇ ಮರಳುತ್ತದೋ ಎಂದು
ಕಿವಿಗೊಟ್ಟು ಕೂತಿತು,
ಬಾವಿಗೆ ತನ್ನ ಹೆಸರು ಕೂಗಿ
ಕಾಯುವ ಹುಡುಗನ ಹಾಗೆ.

ಕೆಳಗಿಂದ ಪೆಡ್ನೇಕರ್ ಮ್ಯಾನೇಜರ ಕೂಗು:
"ಇನ್ನೂ ಎಷ್ಟು ಹೊತ್ತು ಮಾರಾಯ?
ಆ ಪರೀಕ್ಷೆ ಗಿರೀಕ್ಷೆ ಬಿಟ್ಟು
ಶುರು ಮಾಡಲಿಕ್ಕೆ ಆಗೂದಿಲ್ಲವಾ?"
ಆಗುತ್ತದೆ. ಒಂದು ಸಾಲು ಬರೆದರೆ ಸಾಕು.
ಎಷ್ಟೋ ಕಡೆ ಬರೆದುಕೊಟ್ಟಿದ್ದೇನೆ.
ಇವತ್ತು ಯಾಕೋ ಕೈ ಏಳಲಿಲ್ಲ.

ಹದಿನೈದು, ಪಾಸು.
ಹದಿನಾರು, ಪಾಸು.
ಹದಿನೇಳು:
ಕಳಿಸಿದ್ದು ಸಾವಿರ,
ಮರಳಿದ್ದು ಒಂಬೈನೂರ ಹನ್ನೊಂದು.
ಫೇಲು.
ಹಸಿರು ಇರಬೇಕಾದಲ್ಲಿ ಕೇಸರಿ.

ಹದಿನೇಳರ ವೈರನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದೆ.
ಗೋಡೆಯ ತೂತು, ಮೆಟ್ಟಿಲ ಅಡಿ, ಐಸು ಕರಗಿ ಹರಿಯುವ ಕಾಲುವೆ,
ತೂಕದ ಯಂತ್ರ.

ಯಂತ್ರದ ಹಿಂದೆ ಈಗ ಯಾವನೋ ಹೊಸ ಹುಡುಗ.
ಆಗಸ್ಟಿನವರೆಗೆ ಮೋಹಿನಿ ದುರ್ಗೇಕರ್ ಇದ್ದರು.
ಹತ್ತು ಬುಟ್ಟಿ ಬಂಗಡೆ ತೂಗಿದರೆ
ಬೋರ್ಡಿನಲ್ಲಿ ಮೂಡುವುದು ಒಂಬತ್ತು.
ಆ ಒಂದು ಎಲ್ಲಿ? ಬೋಟಿನವರು ಕೇಳಿದರು,
ಸಂಘ ಕೇಳಿತು, ಬಲೆ ಹೊಲಿಯುವವರೂ ಕೇಳಿದರು.
ನನ್ನನ್ನೂ ಕರೆಸಿದ್ದರು.
ನಾನು ತಲೆ ಎತ್ತಿ ಹಲಗೆ ನೋಡಿದೆ. ಎಲ್ಲ ಹಸಿರು.
"ಸ್ವಿಚ್ ಸರಿಯಿದೆ" ಎಂದು ಬರೆದು, ಸಹಿ ಹಾಕಿ,
ಚಾ ಕುಡಿದು ಹೋದೆ.

ಹಸಿರು ಹೇಳುವುದು ಇಷ್ಟೇ: ವೈರು ಚುಚ್ಚಿದೆ.
ಅದು ನನಗೆ ಗೊತ್ತಿತ್ತು.
ಆರಿಸಿ ಹೊತ್ತಿಸಿದ್ದರೆ ಅವತ್ತೇ ಹೇಳುತ್ತಿತ್ತು.
ನಾಲ್ಕು ನಿಮಿಷ.

ಕಿಂಡಿಯೊಳಗೆ ಟಾರ್ಚು ಬಿಟ್ಟೆ.
ಎಂಟು ಹಲ್ಲಿನಲ್ಲಿ ಎರಡಕ್ಕೆ ಕಿಲುಬು,
ಅದೂ ಹಸಿರೇ. ಒಳಗೆ ಬೋರ್ಡಿಗೂ ಬೇರು ಇಳಿದಿತ್ತು.
ಈ ಊರ ಗಾಳಿಯ ಉಪ್ಪು
ಬಾಗಿಲ ಚಿಲಕ ಬಿಟ್ಟಿಲ್ಲ, ಬೈಕಿನ ಚೈನು ಬಿಟ್ಟಿಲ್ಲ,
ನನ್ನ ಸ್ಕೂಟರಿನ ನಂಬರ್ ಪ್ಲೇಟಿನಲ್ಲಿ
ಎರಡು ಅಂಕಿ ತಿಂದಿದೆ.

ಮೋಹಿನಿಬಾಯಿ ಐಸು ಒಡೆಯುವ ಕಡೆ ಇದ್ದರು,
ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು.
ಹೇಳಿದೆ. ಕೊಡತಿ ಕೆಳಗಿಡದೆ ಕೇಳಿಸಿಕೊಂಡರು.
"ಅದೇ ಹೇಳಿತಾ? ತಪ್ಪು ತನ್ನದೇ ಅಂತ?"
"ಅದೇ."
"ಯಾರೂ ಬೈಯದೆ?"
"ಏಳುವಾಗ ತನ್ನನ್ನು ತಾನೇ ಕೇಳಿಕೊಳ್ಳುತ್ತದೆ.
ಕೇಳಿದ್ದಕ್ಕೆ ಹೇಳುತ್ತದೆ."
ಅವರು ಇನ್ನೊಂದು ಗಡ್ಡೆ ಎಳೆದುಕೊಂಡರು.
"ನನ್ನನ್ನೂ ಕೇಳಿದ್ದರು. ನಾನೂ ಹೇಳಿದ್ದೆ."

ಕೊಡತಿ ಬಿತ್ತು. ಚೂರೊಂದು ನನ್ನ ಕಾಲಿಗೆ ತಾಗಿತು.

ಮೇಲೆ ಬಂದು ಹದಿನೇಳರ ವೈರು ಕಿತ್ತು
ಇಪ್ಪತ್ತಮೂರಕ್ಕೆ ಚುಚ್ಚಿದೆ.
ಕೆಳಗೆ ಹರಾಜಿನ ಕೂಗು ಎದ್ದಿತು.
ರಿಜಿಸ್ಟರು ತೆಗೆದೆ: ಆಗಸ್ಟ್ ಹತ್ತೊಂಬತ್ತು,
ನನ್ನದೇ ಅಕ್ಷರ, ಅಡಿಯಲ್ಲಿ ಉದ್ದ ಬಾಲದ ಸಹಿ.
ಅದರ ಪಕ್ಕ ಬರೆಯಹೊರಟರೆ ಪೆನ್ನು ಮೂಡಲಿಲ್ಲ.
ಅಂಗೈ ಮೇಲೆ ಗೀಚಿದೆ.
ಮತ್ತೆ ಗೀಚಿದೆ.
"ಆಯಿತಾ?" ಎಂದರು ಪೆಡ್ನೇಕರ್, ಮೆಟ್ಟಿಲ ಬುಡದಿಂದ.
ಇಲ್ಲ, ಎಂದೆ. ಇನ್ನೂ ನಾಲ್ಕು ನಿಮಿಷ.